ಕಲ್ಲವ್ವ ಹೆಪ್ಪು ಹಾಕಿದ ಹಂಡೆ

ದುಂಡಪ್ಪ ಮಾಸ್ತರರ ಬಕೀಟಿನ ಕಥೆಗೆ ಒಂದು ಕೊನೆ ಇದೆ ಎಂಬುದು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಈ ಸಲ ಮೋಡದ ಮೂರು ತಿಂಗಳು ನಾವು ನಲವತ್ತು ಮನೆಯವರು ನಮ್ಮ ಅತ್ತೆಯಿಂದ ಬೈಸಿಕೊಳ್ಳುವ ಪ್ರಸಂಗ ಬರುತ್ತಿರಲಿಲ್ಲ. ಅತ್ತೆ ತೀರಿಕೊಂಡು ಏಳು ವರ್ಷವಾಗಿತ್ತು, ಅದು ಬೇರೆ ಮಾತು.

ಮೊದಲು ಹಂಡೆಯ ವಿಷಯ ಹೇಳಿಬಿಡುತ್ತೇನೆ. ನಮ್ಮೂರಿಗೆ ಒಂಬತ್ತು ತಿಂಗಳು ಬಿಸಿಲು, ಮೂರು ತಿಂಗಳು ಮೋಡ. ಮೋಡ ಎಂದರೆ ಮಳೆಯಲ್ಲ. ಕರೆಯದೆ ಬಂದ ನೆಂಟನ ಹಾಗೆ ಸುಮ್ಮನೆ ಕೂತಿರುತ್ತದೆ, ಸುರಿಯುವುದೂ ಇಲ್ಲ, ಎದ್ದು ಹೋಗುವುದೂ ಇಲ್ಲ. ಆ ಮೂರು ತಿಂಗಳಿಗೆ ಬೇಕಾದ ಬಿಸಿಲನ್ನು ಬೇಸಿಗೆಯಲ್ಲೇ ತುಂಬಿಡಬೇಕು. ಅದಕ್ಕೆಂದೇ ಊರ ಹೊರಗಿನ ದಿಬ್ಬದ ಮೇಲೆ ಹನ್ನೆರಡು ಕಬ್ಬಿಣದ ಹಂಡೆಗಳಿವೆ. ಒಂದೊಂದೂ ಎರಡಾಳೆತ್ತರ, ಓಣಿಗೊಂದು, ಮಿಕ್ಕಿದ್ದು ಹೆಚ್ಚಿನ ಬಿಸಿಲಿಗೆಂದು ಇಟ್ಟ ಬಿಡಿ ಹಂಡೆ. ನೆಲದ ನಡುಕ ತಾಗಬಾರದೆಂದು ಅವನ್ನು ತೊಟ್ಟಿಲಿನಂತೆ ಸರಪಳಿಗಳಿಗೆ ತೂಗುಹಾಕಿದ್ದೇವೆ. ಒಳಗಿರುವುದು ಮೂರೇ ಸಾಮಾನು: ತಳದಲ್ಲಿ ತೂಕದ ಲೋಹ, ಮೇಲೆ ಹಗುರ ಲೋಹ, ನಡುವೆ ಉಪ್ಪು. ಮೂರೂ ಕಾದು ಕರಗಿ ಒಂದರ ಮೇಲೊಂದು ನಿಂತಿರುತ್ತವೆ. ಕದಡದೆ ಇಟ್ಟ ಸಾರಿನಲ್ಲಿ ತಳಕ್ಕೆ ಬೇಳೆ, ನಡುವೆ ತಿಳಿ, ಮೇಲೆ ತುಪ್ಪ ನಿಲ್ಲುವುದಿಲ್ಲವೇ, ಹಾಗೆ. ಬಿಸಿಲ ಹಲಗೆಗಳಿಂದ ಕರೆಂಟು ಹರಿದಾಗ ತಳದಲ್ಲಿ ಬೆರೆತಿದ್ದ ಹಗುರ ಲೋಹ ಉಪ್ಪನ್ನು ದಾಟಿ ಮೇಲೇರುತ್ತದೆ. ನಾವು ದೀಪ ಹಚ್ಚಿದಾಗ ಮತ್ತೆ ಕೆಳಗಿಳಿಯುತ್ತದೆ. ಏರಿದ ಹೊತ್ತಿನಲ್ಲಿ ಹಂಡೆಯನ್ನು ತಣಿಯಲು ಬಿಟ್ಟರೆ ಉಪ್ಪು ಕಲ್ಲಾಗಿ, ಏರಿದ್ದು ಇಳಿಯಲಾರದೆ ಅಲ್ಲೇ ಉಳಿದುಬಿಡುತ್ತದೆ. ಇದಕ್ಕೆ ನಾವು ಹೆಪ್ಪು ಹಾಕುವುದು ಎನ್ನುತ್ತೇವೆ. ಹತ್ತು ವರ್ಷ ಬಿಟ್ಟು ಕಾಯಿಸಿದರೂ ತುಂಬಿದ ಬಿಸಿಲು ತುಂಬಿದಷ್ಟೂ ಸಿಗುತ್ತದೆ.

ಜೊತೆಗೆ ಇನ್ನೊಂದೂ ಸಿಗುತ್ತದೆ. ಹೆಪ್ಪಾಗುವ ಕೊನೆಯ ಮಧ್ಯಾಹ್ನ ಹಂಡೆಯ ಪಕ್ಕ ಕಾವಲು ಕೂತವರ ಮನಸ್ಸು. ಒಮ್ಮೆ ಮೂರನೆಯ ಹಂಡೆಗೆ ಹೊಸ ಮದುವಣಗಿತ್ತಿಯನ್ನು ಕೂರಿಸಿದ್ದರು. ಆ ವರ್ಷ ನೇಕಾರ ಓಣಿಯ ದೀಪಗಳು ಸಂಜೆಯಾಗುತ್ತಲೇ ತಾವಾಗಿ ಮಂದವಾಗುತ್ತಿದ್ದವು. ಮುಂದಿನ ವರ್ಷ ಅಲ್ಲಿ ಹದಿನೇಳು ತೊಟ್ಟಿಲು ತೂಗಿದವು. ಹಲ್ಲುನೋವಿನವನೊಬ್ಬ ಕೂತ ವರ್ಷ ಅವನ ಓಣಿಯವರೆಲ್ಲ ದವಡೆ ಹಿಡಿದುಕೊಂಡೇ ಉಂಡರು. ಹೆಂಡತಿ ಸತ್ತು ತಿಂಗಳೂ ತುಂಬದ ಗಂಗಪ್ಪ ‘ನನಗೇನೂ ಆಗಿಲ್ಲ’ ಎಂದು ಹಟ ಮಾಡಿ ಕೂತ ವರ್ಷ ಮಾತ್ರ ಯಾರೂ ನಗಲಿಲ್ಲ. ಆ ಬೆಳಕಿನಲ್ಲಿ ರೊಟ್ಟಿ ತಟ್ಟಲು ಕೂತ ಹೆಂಗಸರ ಕಣ್ಣಲ್ಲಿ ತಾನಾಗಿ ನೀರಿಳಿಯುತ್ತಿತ್ತು. ಗಂಗಪ್ಪ ಒಳಗೊಳಗೆ ಎಷ್ಟು ಅಳುತ್ತಿದ್ದ ಎಂದು ಊರಿಗೆ ತಿಳಿದದ್ದೇ ಹಾಗೆ.

ಅದಕ್ಕೇ ಹೆಪ್ಪು ಹಾಕುವ ದಿನ ಕಾವಲಿನವರಿಗೆ ಸಪ್ಪೆ ಊಟ, ಸಪ್ಪೆ ಮಾತು. ಒಳ್ಳೆಯದೋ ಕೆಟ್ಟದ್ದೋ, ಯಾವ ಸುದ್ದಿಯನ್ನೂ ಅವರ ಕಿವಿಗೆ ಹಾಕಬಾರದು. ಪಕ್ಕದಲ್ಲಿ ಊರಿನ ಅತ್ಯಂತ ಬೇಸರದ ಮನುಷ್ಯ ಕೂತು ಮಾತಾಡುತ್ತಿರಬೇಕು. ನಮ್ಮೂರಲ್ಲಿ ಆ ಗೌರವ ದುಂಡಪ್ಪ ಮಾಸ್ತರರದು. ಅವರು ಶಾಲೆ ಬಿಟ್ಟು ಇಪ್ಪತ್ತು ವರ್ಷವಾಯಿತು, ಮಾತು ಬಿಟ್ಟಿಲ್ಲ. ಅವರ ಹತ್ತಿರ ಇರುವುದು ಒಂದೇ ಕಥೆ, ಪೇಟೆಗೆ ಹೋಗಿ ಬಕೀಟು ತಂದದ್ದು. ಮೊದಲನೆಯ ಬಸ್ಸು ತಪ್ಪಿದ್ದು, ಎರಡನೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದ್ದು, ಆ ಕಿಟಕಿಯ ಗಾಜು ಅರ್ಧಕ್ಕೆ ಮಾತ್ರ ಸರಿಯುತ್ತಿದ್ದುದು, ಅದು ಯಾಕೆ ಹಾಗೆ ಎಂದು ಕಂಡಕ್ಟರನನ್ನು ಕೇಳಿದ್ದು. ಕಥೆ ಅಂಗಡಿಯ ಮೆಟ್ಟಿಲು ಮುಟ್ಟುವ ಹೊತ್ತಿಗೆ ಸೂರ್ಯ ಮುಳುಗಿ ಹಂಡೆ ಹೆಪ್ಪಾಗಿರುತ್ತಿತ್ತು. ಆ ಬೆಳಕಿನಲ್ಲಿ ಮೂರು ತಿಂಗಳು ಓಣಿ ತಣ್ಣಗೆ ಬದುಕುತ್ತಿತ್ತು.

ನಮ್ಮ ಗಾಣದ ಓಣಿಯ ಏಳನೆಯ ಹಂಡೆಗೆ ಮೂವತ್ತು ವರ್ಷ ಹೆಪ್ಪು ಹಾಕಿದವರು ನಮ್ಮ ಅತ್ತೆ ಕಲ್ಲವ್ವ. ವರ್ಷದಲ್ಲಿ ಒಂದು ದಿನ ಹೆಪ್ಪು ಹಾಕುವುದು, ಉಳಿದ ದಿನ ಬೈಯುವುದು ಅವರ ಕೆಲಸ. ಬೈಗುಳಕ್ಕೂ ಒಂದು ತಾಳವಿತ್ತು: ಮೂರು ಸಣ್ಣ ಮಾತು, ಒಂದು ತಡೆ, ಆಮೇಲೆ ಒಂದು ದೊಡ್ಡ ಏಟು. “ಅಲ್ಲ. ನೋಡು. ಹಿಂಗ.” ಇಷ್ಟು ಹೇಳಿ ಉಸಿರು ಎಳೆದುಕೊಂಡು, “ಇದಕ್ಕ ಕಸಾ ಹೊಡದದ್ದು ಅಂತಾರೇನ?” ಓಣಿಯಲ್ಲಿ ಯಾರೂ ಅವರಿಗೆ ಎದುರಾಡಿದವರಿಲ್ಲ. ನಮ್ಮ ಮನೆಯವರು ಐದು ಮಕ್ಕಳ ತಂದೆಯಾದ ಮೇಲೂ ಅವ್ವನನ್ನು ಕಂಡರೆ ಬೀಡಿಯನ್ನು ಬೆನ್ನ ಹಿಂದೆ ಮುಚ್ಚಿಡುತ್ತಿದ್ದರು. ಹಂಡೆಯ ಪಕ್ಕ ಕೂತರೆ ಮಾತ್ರ ಆ ಬಾಯಿ ಬೇರೆ ಯಾರದೋ ಎಂಬಂತೆ ತಣ್ಣಗಾಗುತ್ತಿತ್ತು. ನನಗೆ ಈ ಕೆಲಸ ಕಲಿಸಿದವರೂ ಅವರೇ.

ಏಳು ವರ್ಷದ ಹಿಂದೆ ಬಿಸಿಲು ಭರ್ಜರಿಯಾಗಿ ಬಿತ್ತು. ಬಿಡಿ ಹಂಡೆ ಒಂಬತ್ತನೆಯದನ್ನೂ ತುಂಬಿ ಹೆಪ್ಪು ಹಾಕೋಣ ಎಂದು ಅತ್ತೆ ಕೂತರು. ಅವತ್ತು ಮಾಸ್ತರರಿಗೆ ಗಂಟಲು ಕಟ್ಟಿತ್ತು. ನಾನು ಬುತ್ತಿ ತೆಗೆದುಕೊಂಡು ಹೋದೆ. ಬುತ್ತಿ ಬಿಚ್ಚಿದ ಅತ್ತೆ ಸಪ್ಪೆ ಸಾರು ಹಾಕಲು ತಂದ ಹೊಸ ಸೌಟು ಕಂಡು ಕೇಳಿದರು, “ನನ್ನ ಸೌಟ ಎಲ್ಲಿ?”

“ಬಾಳಕ್ಕ ಇಸ್ಕೊಂಡು ಹೋಗ್ಯಾಳ್ರಿ.” ಬಾಳಕ್ಕ ನಮ್ಮ ಪಕ್ಕದ ಮನೆಯವಳು.

“ಯಾರನ್ನ ಕೇಳಿ ಕೊಟ್ಟಿ?”

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ಆ ಸೌಟು ಅವರ ತವರಿನದು, ಅದರ ಹಿಡಿ ಕಬ್ಬಿಣದ್ದು, ಬಾಳಕ್ಕ ಕೊಟ್ಟದ್ದನ್ನು ತಿರುಗಿ ಕೊಡುವವಳಲ್ಲ, ನನಗೆ ಮನೆಯ ಸಾಮಾನಿನ ಖಬರಿಲ್ಲ. ಮೂರು ಸಣ್ಣದು, ಒಂದು ದೊಡ್ಡದು, ಎರಡು ತಾಸು. ಹದಿನಾಲ್ಕು ವರ್ಷ ತಗ್ಗಿಸಿದ ತಲೆ ಅವತ್ತು ನನಗೇ ತಿಳಿಯದೆ ಮೇಲೆದ್ದಿತು. “ಸೌಟೇನು ಸೀಮಿಗಿಲ್ಲದ್ದೇನ್ರಿ? ನಿಮ್ಮ ಸೌಟ ನೀವ ಇಸ್ಕೊಂಡು, ಎಲ್ಲಿಗೆ ಹೋಗ್ತೀರೋ ಅಲ್ಲಿಗೆ ಹೋಗ್ರಿ!” ಎಂದು ಬುತ್ತಿಯನ್ನು ಅಲ್ಲೇ ಬಿಟ್ಟು ದಿಬ್ಬ ಇಳಿದೆ. ಬಿಸಿಲು ಆಗ ಮೂರು ಗಂಟೆಯದು.

ಸಂಜೆ ಬಂದವರು ಓಣಿಯವರ ಮುಂದೆ ಇಷ್ಟೇ ಹೇಳಿದರು: “ಒಂಬತ್ತನೇದು ಸಿಟ್ಟಿನಾಗ ಹೆಪ್ಪಾಗೇತಿ. ಸೌಟಿನ ಸಿಟ್ಟು. ಯಾರೂ ಮುಟ್ಟಬ್ಯಾಡ್ರಿ.” ನಾನು ಆಡಿದ ಮಾತನ್ನು ಯಾರಿಗೂ ಹೇಳಲಿಲ್ಲ. ನನಗೂ ಬೈಯಲಿಲ್ಲ. ಮಾರನೆಯ ದಿನ ಜ್ವರ ಬಂತು, ಎಂಟನೆಯ ದಿನ ಹೋದರು. ಆ ಎಂಟು ದಿನ ನಾನು ಗಂಜಿ ಕುಡಿಸಿದೆ, ಅವರು ಕುಡಿದರು. ಒಂದು ಬೈಗುಳವಿಲ್ಲ. ನಮ್ಮ ಮನೆಯವರು “ಅವ್ವ ಎಷ್ಟು ಶಾಂತಾದಳು” ಎಂದರು. ಹೋಗಿರಿ ಎಂದಿದ್ದೆ, ಹೋದರು, ಸೌಟಿಲ್ಲದೆ. ನಾನು ದಿಬ್ಬ ಇಳಿದ ಮೇಲೆ ಆ ಮುದುಕಿ ಒಬ್ಬಳೇ ಕೂತು ಅತ್ತಿರಬಹುದೇ? ಏಳು ವರ್ಷ ಇದೊಂದೇ ಯೋಚನೆ. ಸಿಟ್ಟಿದ್ದರೆ ಪರವಾಗಿಲ್ಲ, ಗಂಗಪ್ಪನ ಹಂಡೆಯ ಹಾಗೆ ಅಳು ತುಂಬಿದ್ದರೆ? ಒಂಬತ್ತನೆಯ ಹಂಡೆಗೆ ಯಾರೋ ಸುಣ್ಣದಲ್ಲಿ ‘ಸಿಟ್ಟು’ ಎಂದು ಬರೆದರು. ಅದರ ನೆರಳಲ್ಲಿ ನಾಯಿಗಳು ಮಲಗುತ್ತಿದ್ದವು. ನಾನು ಮಾತ್ರ ಆ ಕಡೆ ತಲೆ ಎತ್ತಿ ನೋಡುತ್ತಿರಲಿಲ್ಲ.

ಇನ್ನು ಈ ವರ್ಷದ ಕಥೆ. ಏಳನೆಯ ಹಂಡೆ ತುಂಬಿತ್ತು, ಮೋಡ ಬರಲು ಹತ್ತು ದಿನವಿತ್ತು, ನಾನು ಕಾವಲು ಕೂತೆ. ಮಾಸ್ತರರಿಗೆ ಈಗ ವಯಸ್ಸಾಗಿದೆ. ಎರಡನೆಯ ಬಸ್ಸನ್ನು ಮರೆತು ನೇರವಾಗಿ ಮೂರನೆಯದನ್ನೇ ಹತ್ತಿಬಿಟ್ಟರು. ನಾಲ್ಕು ಗಂಟೆಗೇ ಕಥೆ ಅಂಗಡಿಯ ಮೆಟ್ಟಿಲು ಹತ್ತಿತು. ನಾನು ಎಚ್ಚರವಾದೆ. ಇಲ್ಲಿಂದ ಮುಂದೆ ಮನುಷ್ಯಮಾತ್ರರು ಯಾರೂ ಕೇಳಿರಲಿಲ್ಲ.

“ಅಳತಿಗಿರಲಿ ಅಂತ ಮನ್ಯಾಗಿನ ಹಳೇ ಬಕೀಟ ಒಯ್ದಿದ್ದೆ ತಂಗಿ” ಎಂದರು ಮಾಸ್ತರರು. “ಅದನ್ನ ಅಂಗಡ್ಯಾಗ ಸಾಲಿನಾಗಿಟ್ಟು ಎಲ್ಲಾ ನೋಡಿದೆ. ಯಾವುದೂ ಮನಸ್ಸಿಗೆ ಬರಲಿಲ್ಲ. ಒಂದು ಮಾತ್ರ ಭಾಳ ಹಿಡಿಸ್ತು. ಹಿಡಿ ಕೈಗೆ ಹೇಳಿ ಮಾಡಿಸಿದಂಗ ಇತ್ತು. ಅರ್ಧ ತಾಸು ಚೌಕಾಸಿ ಮಾಡಿ ಕೊಂಡು ತಂದೆ. ಮನಿಗೆ ಬಂದು ನೋಡ್ತೀನಿ, ತಳಕ್ಕ ನನ್ನ ಹೆಸರ ಐತಿ.”

ನಾನು ನಕ್ಕೆ. ನಗು ತಡೆಯಲು ಸೆರಗು ಬಾಯಿಗೆ ತುರುಕಿದೆ, ಆಗಲಿಲ್ಲ. ಮಾಸ್ತರರು ಗಂಭೀರವಾಗಿ “ಭಾಳ ಬಾಳಿಕಿ ಬಂತವಾ ಆ ಬಕೀಟ” ಎಂದರು. ನಾನು ಸ್ಟೂಲಿನಿಂದ ಹಿಂದಕ್ಕೆ ಉರುಳುತ್ತ, ಬೀಳಬಾರದೆಂದು ಕೈಗೆ ಸಿಕ್ಕಿದ್ದನ್ನು ಹಿಡಿದೆ. ಸಿಕ್ಕಿದ್ದು ಹಂಡೆಯ ಸರಪಳಿ. ನನ್ನ ತೂಕದ ಬಗ್ಗೆ ನಮ್ಮ ಮನೆಯವರು ಆಮೇಲೆ ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಒಳಗಿಂದ ಗುಳುಂ ಎಂಬ ಸದ್ದು ಬಂತು. ತುಪ್ಪ, ತಿಳಿ, ಬೇಳೆ ಎಲ್ಲ ಒಂದಾಯಿತು. ಇಡೀ ಬೇಸಿಗೆಯ ಬಿಸಿಲು ಒಂದು ನಗೆಗೆ ಹೋಯಿತು.

ಮರುದಿನ ಓಣಿಯವರೆಲ್ಲ ಗಾಣದ ಕಟ್ಟೆಗೆ ಸೇರಿದರು. ನೀರೆತ್ತುವ ಪಂಪು, ಹಿಟ್ಟಿನ ಗಿರಣಿ, ನಲವತ್ತು ಮನೆಯ ಒಲೆ ಮತ್ತು ದೀಪ, ಎಲ್ಲಕ್ಕೂ ಇದ್ದದ್ದು ಆ ಒಂದೇ ಹಂಡೆ. ಬೇರೆ ಓಣಿಯವರದು ಅವರಿಗೇ ಅಷ್ಟಕ್ಕಷ್ಟೆ, ಉಳಿದ ಬಿಡಿ ಹಂಡೆಗಳು ಖಾಲಿ. ಬಾಳಕ್ಕನ ಮಗಳು ಹೆರಿಗೆಗೆಂದು ಬಂದಿದ್ದಳು, ದಿನ ತುಂಬಿತ್ತು.

“ಒಂಬತ್ತನೇದು ಐತಲ್ಲ” ಎಂದಳು ಬಾಳಕ್ಕ. ಜನ ದಿಬ್ಬದ ಕಡೆ ನೋಡಿದರು.

“ಬ್ಯಾಡ್ರಿ” ಎಂದೆ ನಾನು. “ಏಳು ವರ್ಷದ್ದು, ಕೆಟ್ಟಿರತೈತಿ.”

ಮಾಸ್ತರರು ತಮ್ಮಿಂದಲೇ ಇಷ್ಟಾಯಿತೆಂದು ಮೂಲೆಯಲ್ಲಿ ಮುದುಡಿ ಕೂತಿದ್ದರು. ಅಲ್ಲಿಂದಲೇ ಹೇಳಿದರು, “ಹೆಪ್ಪಾಗಿದ್ದು ಕೆಡೂದಿಲ್ಲ ತಂಗಿ. ನಿನಗ ಅದನ್ನ ಕಲಿಸಿದಾಕಿ ಕಲ್ಲವ್ವನ ಅಲ್ಲೇನು?”

ನಮ್ಮ ಮನೆಯವರು ಎದ್ದು ನಿಂತರು. “ನಮ್ಮವ್ವನ ಬೈಗುಳ ತಿಂದ ನಾ ಇಷ್ಟು ಬೆಳದೀನಿ. ಕತ್ತಲದಾಗ ಕುಂದ್ರೂದಕ್ಕಿಂತ ಬೈಸಿಕೊಳ್ಳೂದು ಚಲೋ.” ಎಲ್ಲರೂ ಹೂಂ ಎಂದರು. ನನಗೆ ಮಾತ್ರ ಬೇಡವೆನ್ನಲು ಕಾರಣ ಹೇಳುವ ಹಾಗಿರಲಿಲ್ಲ.

ಎರಡು ದಿನ ಇದ್ದಿಲು ಹಾಕಿ ಒಂಬತ್ತನೆಯದನ್ನು ಕಾಯಿಸಿದೆವು. ಮೂರನೆಯ ದಿನ ಸಂಜೆ ಉಪ್ಪು ಕರಗಿತು, ನಾನು ಸ್ವಿಚ್ಚು ಹಾಕಿದೆ. ದಿಬ್ಬದ ಮೇಲಿಂದ ನೋಡಿದರೆ ಕೆಳಗೆ ನಲವತ್ತು ಮನೆಯ ದೀಪ ಒಟ್ಟಿಗೆ ಮೂರು ಸಲ ಸಣ್ಣಗೆ ಮಿನುಗಿ, ಒಂದು ಗಳಿಗೆ ತಡೆದು, ಆಮೇಲೆ ಬಲ್ಬು ಒಡೆದೇ ಹೋಯಿತು ಎಂಬಂತೆ ಉರಿದವು. ಮತ್ತೆ ಮೂರು ಸಣ್ಣದು. ಮತ್ತೆ ಒಂದು ದೊಡ್ಡದು. ಪಕ್ಕದಲ್ಲಿ ನಮ್ಮ ಮನೆಯವರು “ಅವ್ವಾ” ಎಂದು ಬೀಡಿಯನ್ನು ಬೆನ್ನ ಹಿಂದೆ ಮುಚ್ಚಿದರು.

ಒಂದು ವಾರ ಓಣಿಗೆ ತಲೆ ಚಿಟ್ಟು ಹಿಡಿಯಿತು. ಆಮೇಲೆ ಒಗ್ಗಿಕೊಂಡಿತು. ಮುಸುರೆ ಪಾತ್ರೆ ಬಿಟ್ಟು ಮಲಗಿದವರ ಅಡುಗೆಮನೆಯ ದೀಪ ಕಣ್ಣು ಕುಕ್ಕುತ್ತಿತ್ತು, ಎದ್ದು ತೊಳೆದರೆ ತಣ್ಣಗಾಗುತ್ತಿತ್ತು. ಹಗಲು ಕಾಲು ಚಾಚಿದವರ ಮೇಲಿನ ಫ್ಯಾನು ಟಕ್ಕೆಂದು ನಿಲ್ಲುತ್ತಿತ್ತು. ಗಿರಣಿಯಲ್ಲಿ ಹಿಟ್ಟು ಹಿಂದೆಂದೂ ಅಷ್ಟು ನುಣ್ಣಗೆ ಬಿದ್ದಿರಲಿಲ್ಲ. ಬಾಳಕ್ಕನ ಮಗಳಿಗೆ ನೋವು ಶುರುವಾದಾಗ ಕೋಣೆಯ ದೀಪ “ಬಾ, ಬಾ, ಬಾ, ಎಷ್ಟೊತ್ತು!” ಎನ್ನುವ ಹಾಗೆ ಮಿನುಗಿತು, ಎರಡೇ ತಾಸಿನಲ್ಲಿ ಹೆಣ್ಣುಮಗು ಬಂತು. ಅದಾದ ಮೇಲೂ ಬಾಳಕ್ಕನ ಮನೆಯ ದೀಪ ಮಾತ್ರ ಉಳಿದವರದಕ್ಕಿಂತ ಜೋರು. ಪಾತ್ರೆ ತೊಳೆದಳು, ಗೋಡೆಗೆ ಸುಣ್ಣ ಬಳಿದಳು, ಜಗ್ಗಲಿಲ್ಲ. ಕೊನೆಗೆ ಒಂದು ಸಂಜೆ ಸೌಟು ಹಿಡಿದು ಓಡಿಬಂದಳು.

“ತಗೋ ದಾನವ್ವಾ, ನಿಮ್ಮತ್ತಿ ಸೌಟ! ಕೊಡಬೇಕು ಕೊಡಬೇಕು ಅಂತ ಏಳು ವರ್ಷ ಆತು.” ಅವಳು ಮನೆ ಮುಟ್ಟುವಷ್ಟರಲ್ಲಿ ಅವಳ ದೀಪ ಹೂವಿನಂತೆ ತಣ್ಣಗಾಗಿತ್ತು.

ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ಲೆಕ್ಕ ಹಾಕುತ್ತಿದ್ದೆ. ಹಂಡೆ ಹೆಪ್ಪಾದ ಕ್ರಮದಲ್ಲೇ ಬಿಚ್ಚಿಕೊಳ್ಳುತ್ತದೆ, ಮಧ್ಯಾಹ್ನದ್ದು ಮೊದಲು, ಸಂಜೆಯದು ಕೊನೆಗೆ. ಮೂರು ಗಂಟೆಯ ಬೆಳಕು ಎರಡನೆಯ ತಿಂಗಳ ನಡುವೆ ಬರಬೇಕು. ದಿನಾ ಸಂಜೆ ರೊಟ್ಟಿ ತಟ್ಟುತ್ತ ಹಿಟ್ಟಿನ ಕೈಯ ಹಿಂಭಾಗದಿಂದ ಕಣ್ಣು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಒಣಗಿರುತ್ತಿತ್ತು. ನಾಳೆ ಹೇಗೋ ಎಂದು ಹೆದರುತ್ತಿದ್ದೆ.

ಅದು ಒಂದು ಸೋಮವಾರ ಬಂತು. ಬಾಳಕ್ಕ ಮೊಮ್ಮಗಳನ್ನು ಎತ್ತಿಕೊಂಡು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮೂರು ಸಣ್ಣ ಮಿನುಗು ಬಂದವು, ದೊಡ್ಡದು ಬರಲಿಲ್ಲ. ದೀಪ ಆರಿತು. ಇಡೀ ಓಣಿಯ ದೀಪ ಆರಿತು, ಗಿರಣಿ ನಿಂತಿತು. ನನಗೆ ಗೊತ್ತಾಯಿತು, ಅದು ನನ್ನ ಮಾತು. ಕಾದಿದ್ದ ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ನಾನು ಕಣ್ಣಿನ ಮೇಲೆ ಕೈ ಇಟ್ಟುಕೊಂಡು ಕಾದೆ.

ಆಮೇಲೆ ಶುರುವಾಯಿತು ನೋಡಿ! ಮೂರು ಸಣ್ಣದಿಲ್ಲ, ತಡೆಯಿಲ್ಲ, ಬರೀ ದೊಡ್ಡದು, ಒಂದರ ಹಿಂದೆ ಒಂದು. ಗಿರಣಿ ಹಾರಿಬೀಳುವ ಹಾಗೆ ಓಡಿತು. ಪಂಪಿನ ನೀರು ತೊಟ್ಟಿ ದಾಟಿ ಬೀದಿಗೆ ಚಿಮ್ಮಿತು. ಮೂವತ್ತು ವರ್ಷ ಒಬ್ಬರೇ ಬೈದು ಬೈದು ಬೇಸತ್ತವರಿಗೆ ಕೊನೆಗೊಂದು ಜೋಡಿ ಸಿಕ್ಕಿದ ಸಿಟ್ಟು ಅದು. ಅದರಲ್ಲಿ ಅಳುವಿರಲಿಲ್ಲ. ನೋವಿನ ಒಂದು ಎಳೆಯೂ ಇರಲಿಲ್ಲ. ಆ ಮುದುಕಿ ನಾನು ದಿಬ್ಬ ಇಳಿದ ಮೇಲೆ ಒಬ್ಬಳೇ ಕೂತು, ಖುಷಿಯಿಂದ, ಹೊಟ್ಟೆ ತುಂಬ ಬೈದಿದ್ದಳು. ಆ ಎಂಟು ದಿನ ಯಾಕೆ ಸುಮ್ಮನಿದ್ದರು ಎಂದು ಆಗ ತಿಳಿಯಿತು. ಇದ್ದದ್ದನ್ನೆಲ್ಲ ಹಂಡೆಗೆ ಸುರಿದು ಬಂದಿದ್ದರು, ಮನೆಗೆ ಏನೂ ಉಳಿದಿರಲಿಲ್ಲ.

ಬಾಳಕ್ಕ ದೀಪವನ್ನೂ ನನ್ನನ್ನೂ ನೋಡಿದಳು. “ದಾನವ್ವಾ, ಯಾರೋ ಕಲ್ಲವ್ವಗ ಎದುರಾಡ್ಯಾರ.”

“ನಾನ” ಎಂದೆ. ಏನೆಂದು ಎದುರಾಡಿದೆ ಎಂಬುದನ್ನೂ ಹೇಳಿದೆ.

ಬಾಳಕ್ಕ ಮೊಮ್ಮಗಳನ್ನು ಈ ತೋಳಿನಿಂದ ಆ ತೋಳಿಗೆ ಹಾಕಿಕೊಂಡಳು. “ಅಯ್ಯ ನಮ್ಮವ್ವಾ, ನೀನಾ? ನಲವತ್ತು ಮನ್ಯಾಗ ಒಬ್ಬರಿಗೂ ಧೈರ್ಯ ಬರಲಿಲ್ಲಲ್ಲ!” ಎಂದು ಓಣಿಗೆಲ್ಲ ಸಾರಲು ಹೋದಳು. ನಾನು ಸೀದ ರೊಟ್ಟಿ ಇಳಿಸಿ, ಆ ದೀಪದಡಿ ಕೂತು ಅತ್ತುಬಿಟ್ಟೆ. ಆ ಅಳು ಹಂಡೆಯದಲ್ಲ, ನನ್ನದೇ. ಏಳು ವರ್ಷ ನನಗೆ ಯಾರೂ ಬೈದಿರಲಿಲ್ಲ. ನಾನು ಅವರನ್ನು ಎಷ್ಟು ನೆನೆಸಿಕೊಂಡಿದ್ದೆ ಎಂದು ನನಗೇ ಗೊತ್ತಿರಲಿಲ್ಲ.

ಮೋಡ ಸರಿದು ಮೊದಲ ಬಿಸಿಲು ಬಿದ್ದ ದಿನ ಹಂಡೆಯಲ್ಲಿ ಇನ್ನೂ ಕಾಲು ಭಾಗ ಉಳಿದಿತ್ತು. ಉಳಿದದ್ದನ್ನು ಬರಿದು ಮಾಡಿ ಹೊಸದು ತುಂಬುವುದು ರೂಢಿ. ನಾನು ಸ್ವಿಚ್ಚು ತೆಗೆದು, ಹಂಡೆಯನ್ನು ತಣಿಯಲು ಬಿಟ್ಟೆ. ಅತ್ತೆಯ ಬೈಗುಳ ಅಷ್ಟಾದರೂ ಉಳಿಯಲಿ. ಹೆಪ್ಪಾಗುವ ಕೊನೆಯ ಮಧ್ಯಾಹ್ನ ಸೌಟು ಹಿಡಿದು ಹೋಗಿ ಸ್ಟೂಲಿನ ಮೇಲೆ ಕೂತೆ, ಈ ಸಲ ಸರಪಳಿಯಿಂದ ಮಾರು ದೂರದಲ್ಲಿ. ದುಂಡಪ್ಪ ಮಾಸ್ತರರು ಕೋಲೂರಿಕೊಂಡು ಬಂದರು.

“ಬಕೀಟಿನ ಕಥಿ ಮೊದಲಿಂದ ಹೇಳ್ಲ್ಯಾ ತಂಗಿ? ಈ ಸಲ ಎಲ್ಲಾ ಬಸ್ಸೂ ಹತ್ತತೀನಿ.”

“ಇವತ್ತು ಬ್ಯಾಡ್ರಿ ಮಾಸ್ತರ. ನಂದ ಮಾತು ಭಾಳ ಐತಿ.”

ಅವರು ಒಂಬತ್ತನೆಯ ಹಂಡೆಯನ್ನು ನೋಡಿ, ತಲೆಯಾಡಿಸಿ, ಸ್ವಲ್ಪ ದೂರದ ನೆರಳಲ್ಲಿ ನಾಯಿಗಳ ಪಕ್ಕ ಕೂತರು. ನಾನು ಸೌಟನ್ನು ಮಡಿಲಲ್ಲಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. “ಅಲ್ರೀ ಅತ್ತಿ, ಒಂದು ಸೌಟಿಗೆ ಯಾರರೆ ಇಷ್ಟು ಬೈತಾರೇನ್ರಿ?” ಸೂರ್ಯ ಮುಳುಗುವವರೆಗೂ ನಾನು ಬಿಡಲಿಲ್ಲ.